ಮುಳುಗದ ನೊಣ

ಅಪ್ಪಾ,

ಮೊದಲು ಸಿಹಿ ಸುದ್ದಿ ಓದು, ಆಮೇಲೆ ಬೈಯುವಿಯಂತೆ. ಮೀನಿಗೆ ಆಸೆ ತೋರಿಸೋಕೆ ಗರಿ, ದಾರ ಸುತ್ತಿ ಗಾಳಕ್ಕೆ ನಾನು ಕಟ್ಟಿದ ಸುಳ್ಳು ನೊಣ ಮುಳುಗಲೇ ಇಲ್ಲ. ಇವತ್ತು ಬೆಳಿಗ್ಗೆ ಹೊಳೆಯಲ್ಲಿ ಟ್ರೌಟ್ ಮೀನುಗಳು ಒಂದಾದ ಮೇಲೊಂದು ಅದನ್ನು ಕಚ್ಚಿ ಜಗ್ಗಾಡಿದವು. ಗರಿ ಕಿತ್ತುಹೋಯಿತು, ಬಾಲ ಉದುರಿತು, ನೊಣ ಮಾತ್ರ ಜಗಮೊಂಡನ ಹಾಗೆ ತೇಲುತ್ತಲೇ ಇತ್ತು. ನೀನು ಕಟ್ಟುತ್ತಿದ್ದವು ಎರಡನೇ ಮೀನಿಗೇ ನೀರು ಕುಡಿದು ಮುಳುಗುತ್ತಿದ್ದವು, ಬೇಜಾರು ಮಾಡ್ಕೋಬೇಡ.

ಗುಟ್ಟು ಅದರ ಹೊಟ್ಟೆಯಲ್ಲಿದೆ. ಕೊಕ್ಕೆಗೆ ಅಂಟು ಸವರಿ, ಹಗುರ ರಬ್ಬರಿನ ಚೂರಿಟ್ಟು ದಾರ ಬಿಗಿದೆ. ರಬ್ಬರು ಎಲ್ಲಿಂದ ಬಂತು ಅಂತ ಕೇಳ್ತೀಯ. ಬಾಗಿಲ ಹತ್ತಿರ ಇತ್ತಲ್ಲ, ನಿನ್ನ ಎಡಗಾಲಿನ ಚಪ್ಪಲಿ, ಅದರಿಂದ. ಡಾಕ್ಟರು ಆ ಕಾಲು ತೆಗೆದ ಮೇಲೂ ಅಮ್ಮ ಅದನ್ನು ದಿನಾ ಒರೆಸಿ ಅಲ್ಲೇ ಇಡುತ್ತಿದ್ದಳು. ಬೇಡ ಅನ್ನೋ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ನಾನು ಕತ್ತರಿ ಹಾಕಿದ್ದು ನೋಡಿ ಅತ್ತಳು. ಆಮೇಲೆ ತಾನೇ ಬಂದು ದಾರದ ತುದಿ ಹಿಡಿದುಕೊಂಡಳು.

ಆಸ್ಪತ್ರೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದು ಸಾಕು. ಭಾನುವಾರಕ್ಕೆ ದೋಣಿಯವನಿಗೆ ಹೇಳಿಟ್ಟಿದ್ದೇನೆ, ಕೂತೇ ಗಾಳ ಹಾಕಬಹುದು. ಎಡಗಾಲಿನದು ಆಗಲೇ ಹೊಳೆಗೆ ಇಳಿದಾಯಿತು. ಬಲಗಾಲಿನದನ್ನು ಮೆಟ್ಟಿಕೊಂಡು ನೀನು ಬಾ.

ದಾರಿ ಕಾಯುತ್ತಿರುವ
ನಿನ್ನ ತಲೆಹರಟೆ ಮಗಳು