ಬೂದಿಗೆ ಕಟ್ಟಿದ ಬಲೆ

ಮಾರ್ಚ್ 3, ಬೆಳಿಗ್ಗೆ

ಹಾಯಿಯ ಅಂಚು ಮತ್ತೆ ಬಿಚ್ಚಿದೆ. ಮೂರು ಮೊಳ ಹೊಲಿದೆ. ಬೂದಿ ಮಡಿಲಲ್ಲೇ ಮಲಗಿ ದಾರದ ತುದಿ ಕಚ್ಚುತ್ತಿದ್ದಳು. ಬಂದರು ಬಿಟ್ಟು ನಾಲ್ಕು ದಿನ. ಇನ್ನೂ ಒಂಬತ್ತು ದಿನದ ದಾರಿ. ಅಕ್ಕ, ಭಾವ, ನಾನು, ಅವರ ನಾಯಿ ಸಾಹೇಬ, ನನ್ನ ಬೆಕ್ಕು ಬೂದಿ – ಮೂವತ್ತು ಅಡಿ ದೋಣಿಯಲ್ಲಿ ಐದು ಜೀವ. ಎರಡು ವರ್ಷದ ಹಿಂದೆ ನನ್ನ ಟೈಲರ್ ಅಂಗಡಿ ಮುಚ್ಚಿದಾಗ ನಮ್ಮ ಜೊತೆಗೇ ದೋಣಿಯಲ್ಲಿ ಇದ್ದುಬಿಡು ಎಂದು ಕರೆದವಳು ಅಕ್ಕ. ಭಾವ ಕರೆಯಲಿಲ್ಲ. "ಬೆಕ್ಕೂ ಬರುತ್ತಾ?" ಎಂದಷ್ಟೇ ಕೇಳಿದ್ದರು. ಆ ಧಾಟಿ ಇನ್ನೂ ಕಿವಿಯಲ್ಲಿದೆ.

ಸಾಹೇಬನಿಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಬೆನ್ನ ಮೇಲೆ ಹಿಡಿ ಬೇರೆ, ಸೂಟ್‌ಕೇಸಿನ ಹಾಗೆ ಎತ್ತಬಹುದು. ಬೂದಿಗೆ? ಏನೂ ಇಲ್ಲ. ಭಾವನನ್ನು ಕೇಳಿದ್ದಕ್ಕೆ, "ಹಾಕಿದ್ರೆ ಕಿತ್ತು ಬಿಸಾಕ್ತಾಳೆ. ಡೆಕ್ ಸುತ್ತ ಬಲೆ ಇದೆಯಲ್ಲ, ಸಾಕು" ಎಂದರು. ಸಾಕಂತೆ.

ಮಾರ್ಚ್ 4

ಚಹಾ ಕುಡಿಯುತ್ತಾ ಭಾವ – "ನಿನ್ನ ಬೆಕ್ಕು ಎಷ್ಟು ಕೆ.ಜಿ. ಇರಬಹುದು?"

ಎರಡು ವರ್ಷದಲ್ಲಿ ಒಮ್ಮೆಯೂ ಅದರ ಹೆಸರು ಹಿಡಿದು ಕರೆಯದವರಿಗೆ ತೂಕ ಯಾಕೆ?

"ಯಾಕೆ ಭಾವ?"

"ಸುಮ್ನೆ."

ಸುಮ್ಮಸುಮ್ಮನೆ ಯಾರೂ ಬೆಕ್ಕಿನ ತೂಕ ಕೇಳುವುದಿಲ್ಲ. ಮೂರೂವರೆ ಎಂದೆ. ನಾಲ್ಕೂಕಾಲು ಇದ್ದಾಳೆ. ಇರಲಿ, ನಿಜ ಯಾಕೆ ಹೇಳಬೇಕು.

ಮಾರ್ಚ್ 5

ಸಾಹೇಬನ ಬೆಳಗಿನ ದರ್ಬಾರು. ದೋಣಿಯ ಮೂತಿಯಲ್ಲಿ ಅವನಿಗೊಂದು ಪ್ಲಾಸ್ಟಿಕ್ ಹುಲ್ಲಿನ ಚಾಪೆ. ಅದನ್ನು ಮೂರು ಸುತ್ತು ಸುತ್ತಿದ ಮೇಲೇ ಕಾಲೆತ್ತುವುದು. ಅಷ್ಟು ಹೊತ್ತೂ ಭಾವ ಅವನ ಪಕ್ಕದಲ್ಲಿ ಸೇವಕನ ಹಾಗೆ ನಿಂತಿರುತ್ತಾರೆ. ಕನ್ನಡಕ ತಲೆಯ ಮೇಲಿಟ್ಟುಕೊಂಡು ದೋಣಿಯೆಲ್ಲ ಹುಡುಕಿದರು. ಅಕ್ಕ ನಕ್ಕಳು – "ನಿಮ್ಮ ಭಾವಂಗೆ ಈಚೆಗೆ ಬರೀ ಮರೆವು ಕಣೆ." ನಗುವಾಗ ಮುಖದಲ್ಲಿ ನಗು ಪೂರ್ತಿ ಇರಲಿಲ್ಲ.

ಇದಿರಲಿ. ಮೇಜಿನ ಮೇಲೆ ಬಂದರಿನವರಿಗೆ ಕೊಡುವ ಫಾರಂ ಇತ್ತು. ಓದಿದೆ. 'ಪ್ರಾಣಿ: ನಾಯಿ. ಸಂಖ್ಯೆ: ಒಂದು.' ಅಷ್ಟೇ. ದಡ ಸೇರುವಾಗ ಬೂದಿ ಇರುವುದಿಲ್ಲವೆಂದು ಇವರಿಗೆ ಈಗಲೇ ಗೊತ್ತು. ಅಕ್ಕನಿಗೂ ಗೊತ್ತಿರಬಹುದಾ? ಗಂಡ ಹೆಂಡತಿ ಒಂದಾದರೆ ಮೂರನೆಯವರಿಗೆ ಉಳಿಯುವುದೇನು...

ಮಾರ್ಚ್ 7, ಮಧ್ಯಾಹ್ನ

ನಿನ್ನೆ ಬರೆಯಲು ಪುರುಸೊತ್ತಾಗಲಿಲ್ಲ. ಇಡೀ ದಿನ ಕಾವಲು. ಇವತ್ತು ಭಾವ ಸಿಕ್ಕಿಬಿದ್ದರು.

ಬಲಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಬಲೆಯ ಗಂಟು ಬಿಚ್ಚುತ್ತಿದ್ದರು. ಒಂದಾದ ಮೇಲೊಂದು. ಬಲೆಯ ಕೆಳ ಅಂಚು ಗಾಳಿಗೆ ಪಟಪಟ. ಬೂದಿ ದಿನವೂ ಬಿಸಿಲು ಕಾಯುವುದು ಸರಿಯಾಗಿ ಅಲ್ಲೇ. ಅಷ್ಟರಲ್ಲಿ ರೇಡಿಯೊದಲ್ಲಿ ಹವಾಮಾನ ಹೇಳುವ ಹೊತ್ತಾಯಿತು, ಕ್ಯಾಬಿನ್ನಿಗೆ ಇಳಿದರು. ಓಡಿಹೋಗಿ ಎಲ್ಲವನ್ನೂ ಕಟ್ಟಿದೆ. ಏಳು ಗಂಟು. ಇಪ್ಪತ್ತು ವರ್ಷ ದಾರದ ಜೊತೆ ಬದುಕಿದ ಕೈ, ಯಾರೂ ಕಲಿಸಬೇಕಿಲ್ಲ. ಅವರು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ!

ಭಾವ ಮೇಲೆ ಬಂದರು. ಬಲೆ ನೋಡಿ ನಿಂತರು. ತಲೆ ಕೆರೆದುಕೊಂಡರು. "ಇದನ್ನ ಮುಗಿಸಿದ್ನಾ?" – ತಮಗೆ ತಾವೇ. ನಾನು ಹೊಲಿಗೆಯಿಂದ ತಲೆ ಎತ್ತಲಿಲ್ಲ. ಒಳಗೊಳಗೇ ನಗು.

ಮಾರ್ಚ್ 8

ಬೂದಿ ಇಲ್ಲ.

ಮಾರ್ಚ್ 9, ಸಂಜೆ

ಬರೆದರೆ ಹಗುರವಾಗಬಹುದೇನೋ.

ನಿನ್ನೆ ಬೆಳಿಗ್ಗೆ ಹತ್ತಕ್ಕೆ ದೊಡ್ಡ ಅಲೆ. ದೋಣಿ ಬಲಕ್ಕೆ ವಾಲಿತು. ಮಲಗಿದ್ದ ಬೂದಿ ಜಾರಿ ಬಲೆಗೆ ಬಡಿದಳು. ಬಲೆ ತಡೆಯಬೇಕಿತ್ತು. ಅದರ ಕೆಳ ಅಂಚು ಸರ್ರನೆ ಎದ್ದುಬಿಟ್ಟಿತು. ಸಾಹೇಬ ಬೊಗಳಿದ. ನಾನು ಕಂಡದ್ದು ಬಾಲ ಮಾತ್ರ.

ಭಾವ ಹಾಯಿ ಇಳಿಸಿ, ಇಂಜಿನ್ ಹಾಕಿ ಐದು ಗಂಟೆ ಸುತ್ತಿದರು. ಚುಕ್ಕಾಣಿ ಅಕ್ಕನಿಗೆ ಕೊಟ್ಟು, ಡೆಕ್ಕಿನ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಅವಳನ್ನು ಮೊಗೆದು ಎತ್ತಲು ಕೈಯಲ್ಲಿ ಬಕೆಟ್. ಹೆಸರು ಹಿಡಿದು ಕೂಗಿದರು – "ಬೂದಿ... ಬಾ ಬೂದಿ..." ಗಂಟಲು ಕಟ್ಟಿಹೋಯಿತು. ಡೀಸೆಲ್ ಮುಗಿಯುತ್ತೆ, ಸಾಕು ಎಂದಳು ಅಕ್ಕ. ಕೇಳಲಿಲ್ಲ.

ಆಮೇಲೆ ನನ್ನೆದುರು ಬಂದು ಕೂತರು. "ಹಳೇ ಗಂಟು ಸಡಿಲ ಆಗಿತ್ತು ಕಣಮ್ಮ. ಬಿಚ್ಚಿ ಬಿಗಿಯಾಗಿ ಕಟ್ಟೋಣ ಅಂತಿದ್ದೆ. ರೇಡಿಯೊ ಕೇಳಿ ಬಂದಾಗ ಕಟ್ಟಿತ್ತು. ನಾನೇ ಕಟ್ಟಿದೀನಿ ಅಂದ್ಕೊಂಡೆ. ಎಳೆದು ಕೂಡ ನೋಡಲಿಲ್ಲ. ತಪ್ಪಾಯ್ತು ನನ್ನಿಂದ."

"ಬಿಡಿ ಭಾವ. ಬೇಕು ಅಂತ ಮಾಡಿದ್ರಾ?" ಎಂದೆ.

ಕ್ಷಮಿಸಿಬಿಟ್ಟೆ! ನಾನು ಹಾಕಿದ ಗಂಟಿಗೆ ಅವರನ್ನು ನಾನು ಕ್ಷಮಿಸಿದೆ.

ಇವತ್ತು ಬಲೆ ನೋಡಿದೆ. ಏಳರಲ್ಲಿ ಐದು ಬಿಚ್ಚಿವೆ. ಹತ್ತಿ ದಾರದಲ್ಲಿ ಕಚ್ಚಿ ನಿಲ್ಲುವ ಗಂಟು ನೈಲಾನ್ ಹಗ್ಗದಲ್ಲಿ ಜಾರುತ್ತದೆ. ನನಗದು ಗೊತ್ತಿರಲಿಲ್ಲ. ಗೊತ್ತಿದೆಯೆಂದು ಮೆರೆದೆ. ಫಾರಮ್ಮನ್ನೂ ಹುಡುಕಿದೆ. ಒಂದೊಂದು ಪ್ರಾಣಿಗೆ ಒಂದೊಂದು ಹಾಳೆ. ಎರಡನೆಯದು ಕೆಳಗಿತ್ತು. 'ಪ್ರಾಣಿ: ಬೆಕ್ಕು. ಸಂಖ್ಯೆ: ಒಂದು. ಹೆಸರು: ಬೂದಿ. ತೂಕ: ಮೂರೂವರೆ ಕೆ.ಜಿ.'

ಮಾರ್ಚ್ 11

ಭಾವ ಚುಕ್ಕಾಣಿ ಮುಟ್ಟುತ್ತಿಲ್ಲ. ಅಕ್ಕನೇ ನಡೆಸುತ್ತಿದ್ದಾಳೆ.

ಊಟದ ಹೊತ್ತಿಗೆ ಅಕ್ಕನಿಗೆ ಹೇಳಿದರು – "ಕಟ್ಟಿದ್ದು ನೆನಪೇ ಇಲ್ಲ ಕಣೆ. ಒಂಚೂರೂ ಇಲ್ಲ. ಇವತ್ತು ಬೆಕ್ಕು ಹೋಯ್ತು. ನಾಳೆ ನೀವಿಬ್ರು."

ಅಕ್ಕ ತಟ್ಟೆ ಸರಿಸಿದಳು. "ಬಂದರು ಸೇರಿದ್ಮೇಲೆ ಡಾಕ್ಟರಿಗೆ ತೋರಿಸೋಣ ರೀ. ದೋಣಿ ಮಾರಿಬಿಡೋಣ. ಸಾಕು."

ಭಾವ ತಲೆಯಾಡಿಸಿದರು. ಮೂವತ್ತೊಂದು ವರ್ಷ ಹಾಯಿ ಏರಿಸಿದ ಮನುಷ್ಯ, ಒಂದು ಮಾತು ಎದುರಾಡಲಿಲ್ಲ. ಮಾಡದ ಕೆಲಸ ನೆನಪಿರುವುದಾದರೂ ಹೇಗೆ? ನಾನು ಅಲ್ಲೇ ಇದ್ದೆ. ಅನ್ನ ಕಲಸುತ್ತಲೇ ಇದ್ದೆ.

ಮಾರ್ಚ್ 13, ಬೆಳಿಗ್ಗೆ 9

ದಡ ಕಾಣುತ್ತಿದೆ. ಭಾವ ಡೆಕ್ಕಿನಲ್ಲಿ ಕೂತು ಅಕ್ಕನಿಗಾಗಿ ಪಟ್ಟಿ ಬರೆಯುತ್ತಿದ್ದಾರೆ. ಇಂಜಿನ್ ಎಣ್ಣೆ ಎಲ್ಲಿದೆ, ಲಂಗರಿನ ಸರಪಳಿ ಎಷ್ಟು ಬಿಡಬೇಕು, ಸಾಹೇಬನ ಮಾತ್ರೆ ಯಾವಾಗ. ಪ್ರತಿ ಸಾಲನ್ನೂ ಎರಡೆರಡು ಸಲ ಓದಿ ನೋಡುತ್ತಾರೆ.

ಅಕ್ಕ ಚಹಾ ಕೊಟ್ಟು ನನ್ನ ಪಕ್ಕದಲ್ಲಿ ಕೂತಳು. ಪಿಸುದನಿ – "ಇನ್ಮೇಲೆ ನಿಮ್ಮ ಭಾವನ ಮೇಲೆ ನೀನೂ ಒಂದು ಕಣ್ಣಿಟ್ಟಿರು ಕಣೆ. ಏನೇನು ಮಾಡ್ತಾರೆ ಅಂತ ನೋಡ್ತಿರು. ಅವರಿಗೆ ಗೊತ್ತಾಗದ ಹಾಗೆ."

ಹೂಂ ಎಂದೆ. ನಾಲಿಗೆ ಸುಟ್ಟಿತು, ಚಹಾದಿಂದಲ್ಲ.

ಹೇಳಿದರೆ ಅಕ್ಕ ನನ್ನ ಮುಖ ನೋಡುವುದಿಲ್ಲ. ಇಳಿದು ಹೋಗು ಎನ್ನಬಹುದು. ಎಲ್ಲಿಗೆ ಹೋಗಲಿ? ಆದರೂ ಬೂದಿಯನ್ನು ತಿಂದದ್ದು ಸಾಲದೆಂದು ಈ ಮನುಷ್ಯನನ್ನೂ...

ಇಲ್ಲ. ಏಳುತ್ತೇನೆ. ಅಕ್ಕನಿಗಲ್ಲ, ಮೊದಲು ಅವರಿಗೆ. ಹೇಗೆ ಶುರು ಮಾಡುವುದೆಂದು ಇಲ್ಲಿ ಬರೆದುಕೊಂಡೇ ಹೋಗುತ್ತೇನೆ, ಇಲ್ಲದಿದ್ದರೆ ಎದುರಿಗೆ ನಿಂತು ಮತ್ತೆ ಏನಾದರೂ ಸುಳ್ಳು ಬಂದೀತು –

ಭಾವ, ಆವತ್ತು ನೀವು ರೇಡಿಯೊ ಕೇಳೋಕೆ ಕೆಳಗೆ ಹೋದಾಗ