ಎಂಟು ಗೆರೆಯ ಎಮ್ಮೆ

ಕಲಬುರಗಿ,
ಕ್ರಿ.ಶ. ೨೨೪೧, ಹದಿಮೂರನೆಯ ತಿಂಗಳು, ನಲವತ್ತನೆಯ ದಿನ

ಇನ್ನೂ ಹುಟ್ಟದ ನನ್ನ ಮರಿಮಗಳಿಗೆ,

ತಾರೀಖು ನೋಡಿ ನಗಬೇಡ. ಬಿಸಿಲು ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಮ್ಮ ಹಿರಿಯರು ಸುಡುಮಾಸವೆಂದು ಐವತ್ತು ದಿನದ ಇನ್ನೊಂದನ್ನು ಸೇರಿಸಿಕೊಂಡರು. ನನ್ನ ಮಾತು ನಿನ್ನ ಕಾಲಕ್ಕೆ ಒರಟೆನಿಸಿದರೆ ಕ್ಷಮಿಸು. ನಾನು ಕೊರೆಯುವವಳು, ಬರೆಯುವವಳಲ್ಲ.

ನಮ್ಮ ಬೀದಿಗಳ ಮೇಲೆಲ್ಲ ಮಾಳಿಗೆಯಿಂದ ಮಾಳಿಗೆಗೆ ನೆರಳುಬಟ್ಟೆ ಬಿಗಿದಿದ್ದಾರೆ. ಅದಿಲ್ಲದೆ ಹಗಲಲ್ಲಿ ಹೊರಗೆ ಕಾಲಿಡುವಂತಿಲ್ಲ. ಗಾಳಿಯಾಡಲು ಬಟ್ಟೆಯಲ್ಲಿ ಸೀಳು ಬೇಕು. ಆ ಸೀಳುಗಳನ್ನೇ ಚಿತ್ರವಾಗಿ ಕೊರೆಯುವ ನಮಗೆ ನೆರಳುಗಾರರೆಂದು ಹೆಸರು. ಮೇಲೆ ಕೊರೆದದ್ದು ಕೆಳಗೆ ಬೆಳಕಿನ ಗೆರೆಯಾಗಿ ಬೀಳುತ್ತದೆ. "ಮೀನಿನ ಬಾಯಿ ಹತ್ರ ಸಿಗು" ಎಂದು ಜನ ವಿಳಾಸ ಹೇಳುವುದೂ ಅದರಿಂದಲೇ. ಗೆರೆ ಹೆಚ್ಚಾದರೆ ಬಿಸಿಲೂ ಹೆಚ್ಚು ಇಳಿಯುತ್ತದೆ. ಆದ್ದರಿಂದ ಕಡಿಮೆ ಗೆರೆಯಲ್ಲಿ ಜೀವ ತುಂಬುವವರೇ ನಮ್ಮಲ್ಲಿ ದೊಡ್ಡವರು.

ಇಪ್ಪತ್ತು ವರ್ಷ ಆ ದೊಡ್ಡವಳು ನಾನಾಗಿದ್ದೆ. ಆಮೇಲೆ ತಸ್ಲೀಮಾ ಬಂದಳು. ಇಪ್ಪತ್ತಾರರ ಹುಡುಗಿ. ನೂಲಿನ ಬಜಾರಿನ ಮೇಲೆ, ಕೆರೆಯಿಂದ ಏಳುತ್ತಿರುವ ಒಂದು ಎಮ್ಮೆಯನ್ನು ಎಂಟೇ ಗೆರೆಯಲ್ಲಿ ಕೊರೆದಳು. ಅಂಥದೇ ಎಮ್ಮೆಗೆ ನಾನು ಮೂವತ್ತು ಗೆರೆ ಎಳೆದಿದ್ದೆ. ಬಾಯಲ್ಲಿ "ಚಂದ ಅದ" ಎಂದೆ. ಮನೆಗೆ ಬಂದರೆ ಊಟ ಸೇರಲಿಲ್ಲ. ವಾರವಿಡೀ ಹೋಗಿ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ.

ನಿನ್ನ ಮುಂದೆ ಮುಚ್ಚಿಡುವುದೇನು? ಅವಳು ಬಿಸಾಡಿದ್ದ ಕರಡು ಹಾಳೆಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು, ಬಾಗಿಲು ಹಾಕಿಕೊಂಡು ಇನ್ನೂರು ಸಲ ನಕಲು ಮಾಡಿದೆ. ಇನ್ನೂರೂ ತೊಗಲಿನ ಚೀಲದಂತೆ ಕಂಡವು. ಕಡೆಗೆ ಆ ಕಟ್ಟನ್ನೆಲ್ಲ ಹೊತ್ತೊಯ್ದು ಅವಳ ಮುಂದೆಯೇ ಸುರಿದೆ.

"ನಿನ್ನ ಗೆರಿ ನೋಡಿದ್ರ ನನಗ ಹೊಟ್ಟಿ ಉರೀಲಿಕತ್ತದ" ಎಂದೆ.

ಅವಳು ಒಂದೊಂದೇ ಹಾಳೆ ತಿರುವಿದಳು. ನಗಲಿಲ್ಲ. "ಉರೀಲಿ ಬಿಡ್ರಿ ಅಕ್ಕಾ. ಆದ್ರ ನೀವು ನನ್ನ ಹಾಳಿ ನೋಡೀರಿ. ನಾ ಎಮ್ಮಿ ನೋಡಿದ್ದೆ."

ಮರುದಿನವೇ ತೊಗರಿಬೇಳೆ ಕೇರುವ ಹೆಂಗಸರ ಕಣಕ್ಕೆ ಹೋಗಿ ಒಂದು ಮೂಲೆಯಲ್ಲಿ ಕೂತೆ. ಮೂರು ತಿಂಗಳು ಸೀಸದಕಡ್ಡಿ ಮುಟ್ಟಲಿಲ್ಲ, ಬರೀ ನೋಡಿದೆ. ಮೊರ ಮೇಲೇಳುವ ಮೊದಲೇ ಭುಜ ತಯಾರಾಗುವುದನ್ನು ನಲವತ್ತೆಂಟು ವರ್ಷ ಬದುಕಿಯೂ ನಾನು ಕಂಡಿರಲಿಲ್ಲ. ಸೊಂಟ ನೋವಾಗಿ ಏಳಬೇಕೆನಿಸಿದಾಗೆಲ್ಲ ಆ ಎಂಟು ಗೆರೆ ನೆನಪಾಗುತ್ತಿತ್ತು. ಹಲ್ಲು ಕಚ್ಚಿ ಮತ್ತೆ ಕೂರುತ್ತಿದ್ದೆ. ಹೀಗೆ ಎರಡು ವರ್ಷ.

ಅಷ್ಟರಲ್ಲಿ ದೊಡ್ಡ ಬಜಾರಿಗೆ ಹೊಸ ಬಟ್ಟೆಯ ಸ್ಪರ್ಧೆ ಬಂತು. ಊರಿನ ನಡುವಿನ ಆ ಬಟ್ಟೆ ನೆರಳುಗಾರರ ಬಾಳಿನಲ್ಲಿ ಒಮ್ಮೆ ಸಿಕ್ಕರೆ ಹೆಚ್ಚು. ತಸ್ಲೀಮಾಳೂ ಚಿತ್ರ ಕೊಟ್ಟಳು, ನಾನೂ ಕೊಟ್ಟೆ: ಮೊರ ಎತ್ತಿದ ಹೆಂಗಸು, ಆರು ಗೆರೆ. ಆರಿಸಿದ್ದು ನನ್ನದನ್ನು.

ಮೊನ್ನೆ ಅದನ್ನು ಏರಿಸಿದರು. ನೆತ್ತಿಯ ಮೇಲೆ ಸೂರ್ಯ ಬಂದದ್ದೇ ಕಲ್ಲುಹಾಸಿನ ಮೇಲೆ ಮೊರದ ಹೆಂಗಸು ಎದ್ದು ನಿಂತಳು. ಬೇಳೆ ಕೇರುವ ಮುದುಕಿಯೊಬ್ಬಳು, "ಯವ್ವಾ, ಇದು ನಮ್ಮ ಗುಂಡಮ್ಮನ ಮೊಣಕೈ!" ಎಂದು ಕೂಗಿ ಗುಂಡಮ್ಮನನ್ನು ಎಳೆದು ತಂದು ಬೆಳಕಿನಲ್ಲಿ ನಿಲ್ಲಿಸಿದಳು. ಬಜಾರೆಲ್ಲ ಕೇಕೆ ಹಾಕಿತು. ನಾನು ಅತ್ತೆ, ನಕ್ಕೆ, ಯಾರ್ಯಾರನ್ನೋ ತಬ್ಬಿಕೊಂಡೆ.

ತಸ್ಲೀಮಾ ಚಿತ್ರವನ್ನು ಮೂರು ಸುತ್ತು ಹಾಕಿ ಬಂದಳು. ಮುಖ ಬಿಗಿದಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು.

"ಈ ಮೊಣಕೈ ಒಂದೇ ಗೆರಿಯಾಗ ಹ್ಯಾಂಗ ಬಂತ್ರಿ ಅಕ್ಕಾ?" ಎಂದವಳು, ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದಳು. "ಹೇಳಬ್ಯಾಡ್ರಿ. ನಾನೇ ನೋಡ್ಕೋತೀನಿ."

ಬಟ್ಟೆ ಏರಿಸಿದ ದಿನ ಹಂಚುವ ಹೋಳಿಗೆಗೂ ನಿಲ್ಲದೆ ಹೊರಟೇಬಿಟ್ಟಳು. ಅವಳ ಪಾಲಿನದನ್ನೂ ನಾನೇ ತಿಂದೆ. ಅಷ್ಟು ರುಚಿಯಾದ ಹೋಳಿಗೆಯನ್ನು ಜನ್ಮದಲ್ಲಿ ತಿಂದಿರಲಿಲ್ಲ.

ಈಗ ನನ್ನ ಕೋರಿಕೆ. ಈ ಬಟ್ಟೆ ಎಂಬತ್ತು ವರ್ಷ ಬಾಳೀತು. ನಿನ್ನ ಕಾಲಕ್ಕೆ ನೂಲು ಜೀರ್ಣವಾದಾಗ, ಮುತ್ತಜ್ಜಿಯದೆಂದು ತೇಪೆ ಹಾಕಿ ಉಳಿಸೋಣ ಎನ್ನುವವರು ಬರುತ್ತಾರೆ. ಒಪ್ಪಬೇಡ. ಇಳಿಸಿಬಿಡು. ಅದರ ಜಾಗದಲ್ಲಿ ಐದು ಗೆರೆಯದೊಂದನ್ನು ಏರಿಸು. ನಾನು ಬದುಕಿದ್ದರೆ ಅದನ್ನು ಕಂಡು ನನ್ನ ಹೊಟ್ಟೆ ಉರಿಯಬೇಕು, ಅಷ್ಟು ಚೆನ್ನಾಗಿರಲಿ.

ನೆರಳುಗಾರ್ತಿ ಕಾಶಿಬಾಯಿ