ಹಕ್ಕಿಯ ಕಾಲಿನ ಕೆಂಪು ದಾರ

ಕಟ್ಟೆಮಳಲವಾಡಿ
12–10–1936

ಕಲ್ಕತ್ತೆಯಲ್ಲಿ ಹಕ್ಕಿಗಳ ಹಿಂದೆ ಬಿದ್ದಿರುವ ನನ್ನ ಯಜಮಾನರಿಗೆ ನಂಜಮಣಿಯ ನಮಸ್ಕಾರಗಳು.

ಕೋಪ ಮಾಡಿಕೊಳ್ಳದೆ ಓದಿ. ಹೋದ ವರ್ಷ ನೀವು ಹಿತ್ತಿಲಲ್ಲಿ ಅರ್ಧ ದಿನ ಬೋರಲು ಮಲಗಿ, ಮಂಕರಿ ಬುಟ್ಟಿ ಕವುಚಿ ಹಿಡಿದ ಬಾಲ ಕುಣಿಸುವ ಹಕ್ಕಿ ನೆನಪಿದೆಯೇ? ಪ್ರತಿ ಚಳಿಗಾಲಕ್ಕೂ ಬರುವುದು ಅದೇ ಹಕ್ಕಿಯೋ ಬೇರೆಯದೋ ನೋಡಬೇಕೆಂದು, ನನ್ನ ಹೊಸ ಕುಪ್ಪಸದ ಕೆಂಪು ದಾರ ಕಿತ್ತು ಅದರ ಕಾಲಿಗೆ ಕಟ್ಟಿದಿರಿ. ಹಿಮಾಲಯದ ಕಡೆಗೆ ಹೋಗಿದ್ದ ಅದೇ ಹಕ್ಕಿ ನಮ್ಮ ಹಿತ್ತಿಲಿಗೇ ಬಂದಿದೆ!

ಆದರೆ ನನಗಿಂತ ಮೊದಲು ಅತ್ತೆ ನೋಡಿದರು. “ಯಾರೋ ಮಾಟ ಮಾಡ್ಸಿ ನಮ್ಮನೆಗೆ ಬುಟ್ಟವ್ರೆ ಕಣವ್ವ” ಎಂದು ಅದೇ ಮಂಕರಿಯಲ್ಲಿ ಹಿಡಿದು ದಾರ ಕತ್ತರಿಸಿಬಿಟ್ಟರು. ಒಲೆಗೆ ಹಾಕುವಷ್ಟರಲ್ಲಿ ಕಸಿದುಕೊಂಡೆ. ಬಣ್ಣ ಮಾಸಿದೆ, ಗಂಟು ನಿಮ್ಮದೇ. ಸಾಕ್ಷಿಗೆ ಇದರೊಳಗೆ ಇಟ್ಟಿದ್ದೇನೆ.

ಅದು ಮಗನ ಕೆಲಸವೆಂದು ತಿಳಿದ ಮೇಲೆ ಅತ್ತೆ ನಿನ್ನೆ ಅರಿಸಿನದಲ್ಲಿ ಅದ್ದಿದ ಒಂದು ದಾರ ತಂದುಕೊಟ್ಟರು. “ದಾರ ಕಟ್ಟಿದ್ಕೇ ಆ ಅಕ್ಕಿ ಅಷ್ಟು ದೂರದಿಂದ ವಾಪಸ್ ಬಂತಲ್ವ? ಇದ ಅವನ ಕಾಲ್ಗೂ ಕಟ್ಕೊಳಾಕೆ ಯೋಳು.”

ಹಕ್ಕಿ ಬಂದದ್ದು ದಾರದಿಂದಲ್ಲ ಎಂದು ನನಗೆ ಗೊತ್ತು, ನೀವೇ ಹೇಳಿಕೊಟ್ಟಿದ್ದೀರಿ. ಅತ್ತೆಗೂ ನೀವೇ ಬಂದು ಬಿಡಿಸಿ ಹೇಳಿ. ಅಲ್ಲಿಯವರೆಗೆ ಈ ಹಳದಿ ದಾರವನ್ನು ಎಡಗಾಲಿಗೆ ಕಟ್ಟಿಕೊಂಡಿರಿ. ಗಂಟು ಬಿಗಿಯಾಗಿರಲಿ.

ಕುಪ್ಪಸಕ್ಕೆ ಇನ್ನೂ ಹೊಲಿಗೆ ಹಾಕದ ನಿಮ್ಮ
ನಂಜಮಣಿ